ಮುದ್ದೆಗಿಂತ ಮೊದಲು ಬಂದ ರಕ್ತ

ನಾನು ನಿಂತಿದ್ದದ್ದು ಶಿವಾಜಿನಗರ ಬಸ್ ನಿಲ್ದಾಣದ ಹೊರಗೆ, ಹಣ್ಣಿನ ತಳ್ಳುಗಾಡಿಗಳ ಸಾಲಿನ ಕೊನೆಯ ಗಾಡಿಯ ಮುಂದೆ. ಬೆನ್ನು ರಸ್ತೆಗೆ, ಮುಖ ಗಾಡಿಗೆ. ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಮೊದಲ ಬುಧವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಬಿಸಿಲು ಚೆನ್ನಾಗಿತ್ತು. ಕೈಯಲ್ಲಿದ್ದ ಸೀಬೆಹಣ್ಣನ್ನು ಕಚ್ಚಿದೆ. ಬಾಯಿಂದ ತೆಗೆದು ನೋಡಿದರೆ, ಬಿಳಿ ತಿರುಳಿನ ಮೇಲೆ ಹಲ್ಲು ಊರಿದ ಜಾಗದಲ್ಲೆಲ್ಲ ಕೆಂಪು.

ಖಾರದ ಪುಡಿ ಇರಬೇಕು ಅಂದುಕೊಂಡೆ. ಬರೀ ಉಪ್ಪು ಹಾಕಿಸಿಕೊಂಡಿದ್ದೆ ಎಂಬುದು ಆಮೇಲೆ ನೆನಪಾಯಿತು.

"ಅರೇ, ಖೂನ್ ಬರ್ತಾ ಐತೆ ಸಾರ್ ಬಾಯಲ್ಲಿ," ಅಂದ ಗಾಡಿಯವನು.

ಪಕ್ಕದಲ್ಲಿದ್ದ ಅಣ್ಣ ಬಗ್ಗಿ ನೋಡಿದ. "ಬಿಳಿ ಸೀಬೇನ ಕೆಂಪು ಸೀಬೆ ಮಾಡ್ಬಿಟ್ಟ ನೋಡಪ್ಪ ನಮ್ ಮಂಜ. ಅದಕ್ಕೆ ಡಬಲ್ ರೇಟ್ ಕೇಳ್ಬೇಡ ಮತ್ತೆ!" ಅಂದ. ನಮ್ಮ ಜೊತೆ ಇದ್ದ ವಕೀಲರ ಜೂನಿಯರ್ ಹುಡುಗಿ ಕವಿತಾ ನಕ್ಕಳು. ನಕ್ಕ ಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟಳು. ಮೋರಿಯ ಪಕ್ಕ ನಿಂತು ಬಾಯಿ ಮುಕ್ಕಳಿಸಿದೆ. ಉಗಿದ ನೀರೂ ಕೆಂಪಗಿತ್ತು.

ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಆಗ ನಾನೊಂದು ಸಿವಿಲ್ ಕೇಸಿನಲ್ಲಿ ಸಾಕ್ಷಿಯಾಗಿದ್ದೆ. ಹೊರಮಾವು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ನಮ್ಮ ತಾತ ತೋಟವನ್ನು ಇಬ್ಬರು ಮಕ್ಕಳಿಗೆ ಬಾಯಿಮಾತಿನಲ್ಲಿ ಭಾಗ ಮಾಡಿಕೊಟ್ಟಿದ್ದರು. ನಾನು ಆಗ ಪಿಯುಸಿ ಓದುತ್ತಿದ್ದೆ, ಅಲ್ಲೇ ಇದ್ದೆ. ಅಪ್ಪ, ಚಿಕ್ಕಪ್ಪ, ಊರಿನ ಹಿರಿಯರು, ಅಂದು ಅಲ್ಲಿದ್ದವರೆಲ್ಲ ಈಗ ಇಲ್ಲ. ಅಣ್ಣ ಮುನಿರಾಜು ಆ ದಿನ ಊರಲ್ಲಿರಲಿಲ್ಲ. ಚಿಕ್ಕಪ್ಪನ ಮಗ ವೆಂಕಟೇಶ, ಭಾಗವೇ ಆಗಿಲ್ಲ, ಎಲ್ಲದರಲ್ಲೂ ತನಗೆ ಪಾಲಿದೆ ಎಂದು ಕೇಸು ಹಾಕಿದ. ಆಗಿದೆ ಎಂದು ಹೇಳಲು ಉಳಿದವನು ನಾನೊಬ್ಬ. ನಮ್ಮ ವಕೀಲರು ನನ್ನನ್ನು ಕೂರಿಸಿಕೊಂಡು ಮತ್ತೆ ಮತ್ತೆ ಹೇಳಿಕೊಟ್ಟರು: "ಎಲ್ಲಿ ನಿಂತಿದ್ರಿ, ಯಾವಾಗ, ಏನು ನೋಡಿದ್ರಿ, ಇನ್ಯಾರು ನೋಡಿದ್ರು. ಇದನ್ನ ಬಿಟ್ಟು ಒಂದು ಮಾತೂ ಬೇಡ." ಆ ಬುಧವಾರ ನಾವು ಬರುತ್ತಿದ್ದದ್ದು ಅವರ ಆಫೀಸಿನಿಂದಲೇ.

ಕೋರ್ಟಿಗೆ ಕಲಿತದ್ದು ಕೊನೆಗೆ ನನ್ನ ಬಾಯಿಯ ವಿಷಯಕ್ಕೇ ಬೇಕಾಯಿತು.

ರಕ್ತ ನಿಲ್ಲಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದರೆ ಬೇಸಿನ್ನಿನಲ್ಲಿ, ಎದ್ದರೆ ದಿಂಬಿನ ಮೇಲೆ. ಉಜ್ಜಿದರೆ ತಾನೇ ರಕ್ತ ಬರುವುದು ಎಂದು ಉಜ್ಜುವುದನ್ನೇ ಕಡಿಮೆ ಮಾಡಿದೆ. ಬೆರಳಿನ ತುದಿಯಲ್ಲಿ ಉಪ್ಪು, ಅರಿಶಿನ ಸವರಿಕೊಳ್ಳುತ್ತಿದ್ದೆ. ಕೆ.ಆರ್. ಪುರದ ಹತ್ತಿರ ಕಾರ್ಖಾನೆಯೊಂದರ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ನನ್ನದು. ಶಿಫ್ಟ್ ಮುಗಿದ ಮೇಲೆ ಒಂದು ಸಿಗರೇಟು ಸೇದುತ್ತಿದ್ದವನು ಹಿಯರಿಂಗ್ ಶುರುವಾದ ಮೇಲೆ ಪ್ಯಾಕ್ ಇಟ್ಟುಕೊಳ್ಳತೊಡಗಿದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಎಂದು ಹೆಂಡತಿ ಸುಜಾತ ಹೇಳಿದಳು. "ರಾಗಿ ಕಲ್ಲು ಬೀಸಿದ ಹಂಗೆ ಸದ್ದು ಬರ್ತದೆ ರೀ. ನಾನು ಮಗು ರೂಮಲ್ಲಿ ಮಲಗ್ತೀನಿ."

ಆ ದಿನಗಳಲ್ಲಿ ನಾನು ಎಲ್ಲವನ್ನೂ ಅನುಮಾನಿಸಿದೆ. ಮೊದಲು ಟೂತ್‌ಪೇಸ್ಟನ್ನು. ಆಮೇಲೆ ಬೋರ್‌ವೆಲ್ ನೀರನ್ನು. ಆಮೇಲೆ ಕೋರ್ಟಿನ ಆವರಣದಲ್ಲಿ ವೆಂಕಟೇಶ ತಾನಾಗಿಯೇ ಕರೆದು ಕುಡಿಸಿದ್ದ ಒಂದು ಲೋಟ ಟೀಯನ್ನು. ಕೇಸು ಹಾಕಿದವನು ಟೀ ಕೊಡಿಸುವುದೇಕೆ? ಆ ಟೀಯ ರುಚಿಯನ್ನು ನೆನಪು ಮಾಡಿಕೊಳ್ಳುತ್ತ ಮಧ್ಯಾಹ್ನವೆಲ್ಲ ಸ್ಟೋರ್ಸಿನಲ್ಲಿ ಕೂತಿದ್ದೇನೆ. ನಟ್ಟು ಬೋಲ್ಟು ಎಣಿಸಲು ಬಂದವರು ನನ್ನ ಮುಂದೆ ಬಾಗಿ, ಥಟ್ಟನೆ ಹಿಂದೆ ಸರಿಯುತ್ತಿದ್ದರು. ಬಾಯಿಂದ ವಾಸನೆ ಬರುತ್ತಿದೆ ಎಂದು ಗೊತ್ತಾದದ್ದು ಹಾಗೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂದಿನಿಂದ ಬಾಯಿಗೆ ಕೈ ಅಡ್ಡ ಇಟ್ಟು ಮಾತನಾಡುವುದು ರೂಢಿಯಾಯಿತು.

ಸಾಕ್ಷಿಕಟ್ಟೆಯಲ್ಲೂ ಹಾಗೆಯೇ ನಿಂತೆ. ಎದುರು ಪಕ್ಷದ ವಕೀಲರು ಪಾಟೀಸವಾಲು ಮಾಡುತ್ತ ನಡುವೆ ನಿಲ್ಲಿಸಿ, "ಸಾಕ್ಷಿ ಯಾಕೆ ಬಾಯಿ ಮುಚ್ಚಿಕೊಂಡು ಹೇಳ್ತಿದ್ದಾರೆ ಸ್ವಾಮಿ? ಮುಚ್ಚಿಡೋದು ಏನಿದೆ?" ಎಂದು ಕೇಳಿದರು. ಹಿಂದೆ ಯಾರೋ ನಕ್ಕರು. ಕೈ ತೆಗೆದು ಮಾತನಾಡುವಂತೆ ನ್ಯಾಯಾಧೀಶರು ಮೆಲ್ಲಗೆ ಹೇಳಿದರು. ತೆಗೆದೆ. "ನಿಮ್ಮನ್ನು ಬಿಟ್ಟು ಅದನ್ನು ನೋಡಿದವರು ಇನ್ನೂ ಬದುಕಿದ್ದಾರಾ?" ವಕೀಲರ ಮುಂದಿನ ಪ್ರಶ್ನೆ. ಇಲ್ಲ ಎಂದೆ. ಇಲ್ಲ ಎನ್ನುವಾಗ ದವಡೆ ಎಷ್ಟು ಬಿಗಿದಿತ್ತೆಂದರೆ ಕಿವಿಯ ಹತ್ತಿರ ಕಟಕ್ ಎಂದು ಸದ್ದಾಯಿತು.

ನನಗೆ ಏನೋ ಆಗಿದೆ ಎಂದು ಮನೆಯಲ್ಲಿ ಮೊದಲು ಗುರುತಿಸಿದ್ದು ಅತ್ತಿಗೆ ಯಶೋದಮ್ಮ. ನಮ್ಮದು ಒಂದೇ ಕಟ್ಟಡ. ಕೆಳಗೆ ನಾನು, ಸುಜಾತ, ಮಗು, ಅಮ್ಮ. ಮೇಲೆ ಅಣ್ಣ, ಅತ್ತಿಗೆ, ಅವರ ಮಗಳು. ಅದು ಸಂಕ್ರಾಂತಿಯ ದಿನ. ಎಲ್ಲರೂ ಕಬ್ಬು ಸಿಗಿಯುತ್ತ ಕೂತಿದ್ದೆವು. ನಾನು ನನ್ನ ಜಲ್ಲೆಯನ್ನು ಗೋಡೆಗೆ ಒರಗಿಸಿಟ್ಟೆ.

"ಯಾಕ್ ಮಂಜ, ಕಬ್ಬು ಬೇಡ್ವಾ?" ಅಂದರು ಅತ್ತಿಗೆ.

"ಹೊಟ್ಟೆ ತುಂಬಿದೆ ಅತ್ತಿಗೆ."

"ಹೊಟ್ಟೆ ಅಲ್ಲ, ಬಾಯಿ. ಹದಿನೈದು ದಿನದಿಂದ ನೋಡ್ತಾ ಇದ್ದೀನಿ, ಒಂದೇ ಕಡೆ ಅಗೀತೀಯ. ಚಪಾತಿನ ಸಾರಲ್ಲಿ ನೆನೆಸಿ ತಿಂತೀಯ."

ಮರುದಿನ ಮಧ್ಯಾಹ್ನ ಮೇಲಿನಿಂದ ಒಂದು ಡಬ್ಬಿ ಬಂತು. ರಾಗಿ ಮುದ್ದೆ, ಜೊತೆಗೆ ಸೊಪ್ಪು ಬಸಿದ ಸಾರು. "ಅಗೀಬೇಡ, ನುಂಗು," ಅಂದರು ಅತ್ತಿಗೆ ಮೆಟ್ಟಿಲ ಮೇಲೆ ನಿಂತು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಹಲ್ಲಿನ ಹಂಗಿಲ್ಲದ ಊಟ. ಎಷ್ಟೋ ದಿನದ ಮೇಲೆ ಅಂದು ನೋವಿಲ್ಲದೆ ಹೊಟ್ಟೆ ತುಂಬಿತು. ಅವತ್ತಿನಿಂದ ದಿನವೂ ಡಬ್ಬಿ ಬರುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಕೆಳಗಿನ ಸಾಲಿನ ಮುಂದಿನ ಒಂದು ಹಲ್ಲು ನಾಲಿಗೆ ತಾಗಿಸಿದರೆ ಅಲ್ಲಾಡುತ್ತಿತ್ತು. ಸುಮ್ಮನಿರಲಾರದೆ ಅಮ್ಮನಿಗೆ ತೋರಿಸಿದೆ. ಅಮ್ಮ ಬೆರಳಿಟ್ಟು ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲು ಹಾಕಿದಳು.

"ಯಾರ್ ಕೈ ಅನ್ನ ತಿಂತಿದ್ದೀಯ ನೀನು?"

"ಏನಮ್ಮ ಹಂಗಂದ್ರೆ?"

"ಸಂಕ್ರಾಂತಿ ಆದ್ಮೇಲೆ ಅವಳ ಮುದ್ದೆ ಬಂತು. ಶಿವರಾತ್ರಿಗೆ ನಿನ್ ಹಲ್ಲು ಅಲ್ಲಾಡ್ತು. ಮದ್ದು ಹಾಕವ್ಳೆ ಕಣೋ ಅವ್ಳು."

ಊಟದಲ್ಲಿ ಏನನ್ನೋ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ತಿಂಗಳುಗಟ್ಟಲೆ ಮನುಷ್ಯನನ್ನು ಒಳಗಿನಿಂದ ಕರಗಿಸುತ್ತದೆ. ಮದ್ದು ಎಂದರೆ ಅದು. ನಮ್ಮ ಮನೆಗಳಲ್ಲಿ ಇದನ್ನು ನಂಬುವವರು ಇದ್ದಾರೆ, ನಂಬುವುದಿಲ್ಲ ಎನ್ನುತ್ತಲೇ ಬೇರೆಯವರ ಮನೆಯಲ್ಲಿ ಉಣ್ಣದವರೂ ಇದ್ದಾರೆ. ಅಮ್ಮನ ಬಳಿ ಕಾರಣವೂ ತಯಾರಿತ್ತು. ವೆಂಕಟೇಶನ ಹೆಂಡತಿ ಅತ್ತಿಗೆಯ ಸ್ವಂತ ಚಿಕ್ಕಮ್ಮನ ಮಗಳು. "ನಿನ್ ಸಾಕ್ಷಿ ಇನ್ನೂ ಮುಗಿದಿಲ್ಲ, ನೀನು ಮಲಗಿದ್ರೆ ಉಳಿದಿದ್ದು ಹೇಳೋರ್ಯಾರು? ಲಾಭ ಯಾರಿಗೆ? ಯೋಚ್ನೆ ಮಾಡು."

"ಅಣ್ಣನ ಪಾಲೂ ಅದ್ರಲ್ಲೇ ಐತಲ್ಲಮ್ಮ. ಅತ್ತಿಗೆಗೇ ನಷ್ಟ."

"ತೌರು ಮನೆ ಅಂದ್ರೆ ಹೆಂಗಸ್ರಿಗೆ ಲಾಭ ನಷ್ಟ ಕಾಣಲ್ಲ," ಅಂದಳು ಅಮ್ಮ. ಅವಳ ಮಾತಿನಲ್ಲಿ ಅನುಮಾನವೇ ಇರಲಿಲ್ಲ.

ನಾನು ನಂಬಿದೆನೇ? ನಂಬಲಿಲ್ಲ. ಆದರೆ ಮರುದಿನ ಡಬ್ಬಿ ಬಂದಾಗ ಮುಚ್ಚಳ ತೆಗೆದು ಮೂಸಿ ನೋಡಿದೆ. ಅದರ ಮರುದಿನ ಮುದ್ದೆಯನ್ನು ನಡುವೆ ಬಿಡಿಸಿ ಬೆಳಕಿಗೆ ಹಿಡಿದೆ. ಮೂರನೆಯ ದಿನ ಅರ್ಧ ಮುರಿದು ಬೀದಿ ನಾಯಿಗೆ ಹಾಕಿ, ಗೇಟಿನ ಹತ್ತಿರ ಕಾದು ನಿಂತೆ. ನಾಯಿ ಸಾಯಲಿಲ್ಲ. ದಿನಾ ಅದೇ ಹೊತ್ತಿಗೆ ಗೇಟಿಗೆ ಬಂದು ಬಾಲ ಆಡಿಸತೊಡಗಿತು. ಅತ್ತಿಗೆ ಮೇಲಿನಿಂದ ನೋಡಿ, "ನಾಯಿಗೂ ಮುದ್ದೆ ರುಚಿ ಹತ್ತಿಸಿದ್ದೀಯ?" ಎಂದು ನಕ್ಕರು. ಆ ನಗುವಿನಲ್ಲಿ ಏನಿದೆ ಎಂದು ಅಂದು ಸಂಜೆಯವರೆಗೆ ಯೋಚಿಸಿದೆ.

ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದವಳು ಸುಜಾತ. ಜೀವನ್ ಬಿಮಾ ನಗರದಲ್ಲಿ ಒಂದು ಮನೆಯ ನೆಲಮಹಡಿಯಲ್ಲಿದ್ದ ಕ್ಲಿನಿಕ್ಕು ಅದು. ಹೊರಗೆ ಕುರ್ಚಿಗಳ ಸಾಲು, ಗಾಜಿನ ತೊಟ್ಟಿಯಲ್ಲಿ ಎರಡು ಮೀನು, ಒಳಗಿನಿಂದ ಸಣ್ಣಗೆ ಕೊರೆಯುವ ಸದ್ದು. ನನ್ನ ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೆನ್ನೆಗೆ ಕರ್ಚೀಫು ಒತ್ತಿಕೊಂಡು ತಮಿಳಿನಲ್ಲಿ ಮಗನಿಗೆ ಬೈಯುತ್ತಿದ್ದಳು. ಈ ಡಾಕ್ಟರು ಹೇಗೆ ಸಿಕ್ಕರು ಎಂದು ಸುಜಾತಳನ್ನು ಕೇಳಿದೆ.

"ಅಕ್ಕನೇ ಹೇಳಿದ್ದು. ಅವರ ಮಗಳ ಹಲ್ಲಿಗೆ ತಂತಿ ಹಾಕಿದ್ದು ಇವರೇ ಅಂತೆ."

ಅಕ್ಕ ಎಂದರೆ ಅತ್ತಿಗೆ. ಎದ್ದುಬಿಡಲೇ ಅನಿಸಿತು. ಸುಜಾತ ಅಂಗಿಯ ತುದಿ ಹಿಡಿದಿದ್ದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲಿನ ಬುಡ ಅಳೆಯುತ್ತ ಸಹಾಯಕಿಗೆ ಅಂಕಿ ಹೇಳುತ್ತ ಹೋದರು. ಅಂಕಿ ದೊಡ್ಡದಾದಾಗಲೆಲ್ಲ ಸಹಾಯಕಿ ನನ್ನ ಕಡೆ ನೋಡುತ್ತಿದ್ದಳು. ಅಳತೆ ಮುಗಿದ ಮೇಲೆ, "ಸಾರ್, ಏನಾದ್ರೂ ಟೆನ್ಷನ್ ಇದ್ಯಾ ನಿಮಗೆ?" ಎಂದು ಕೇಳಿದರು.

"ಯಾರು ಹೇಳಿದ್ರು ನಿಮಗೆ?"

ಅವರು ಮಾಸ್ಕ್ ಕೆಳಗೆ ಮಾಡಿದರು. "ಯಾರೂ ಹೇಳಿಲ್ಲ ಸಾರ್. ಹಲ್ಲಿನ ತುದಿ ಎಲ್ಲ ಸವೆದಿದೆ, ಕಡೀತೀರಾ ಅಂತ ಗೊತ್ತಾಗುತ್ತೆ. ಅದಕ್ಕೇ ಕೇಳ್ದೆ."

"ಕೋರ್ಟ್ ಕೇಸಿಗೂ ವಸಡಿಗೂ ಏನು ಸಂಬಂಧ?"

"ನಾನು ಕೋರ್ಟ್ ಅನ್ಲೇ ಇಲ್ಲ," ಅಂದರು. ಸಹಾಯಕಿ ತುಟಿ ಕಚ್ಚಿ ನಗು ತಡೆದಳು. "ಕೇಸಿದ್ರೂ ಅದೊಂದೇ ಹೀಗೆ ಮಾಡಲ್ಲ. ಕೊಳೆ ಮೊದಲಿಂದ ಇತ್ತು. ನೀವು ಚಿಂತೇಲಿ ಉಜ್ಜೋದು ಬಿಟ್ರಿ, ನಿದ್ದೆ ಬಿಟ್ರಿ, ಸಿಗರೇಟ್ ಜಾಸ್ತಿ ಮಾಡಿದ್ರಿ. ಚಿಂತೇಲಿ ಮೈಯೂ ಸೋತಿರುತ್ತೆ, ಸರಿಯಾಗಿ ತಡೆಯೋಕಾಗಲ್ಲ. ಕೊಳೆಗೆ ಅಷ್ಟು ಸಾಕು."

ಸಿಗರೇಟಿನ ವಿಷಯವನ್ನೂ ನಾನು ಹೇಳಿರಲಿಲ್ಲ. ಅದೂ ಹಲ್ಲಿನ ಮೇಲೆ ಕಂಡಿರಬೇಕು. ಎಕ್ಸ್‌ರೇಯನ್ನು ಪರದೆಯ ಮೇಲೆ ತೋರಿಸಿದರು. ಹಲ್ಲಿನ ಸುತ್ತ ಮೂಳೆ ಎಲ್ಲಿರಬೇಕಿತ್ತು, ಈಗ ಎಲ್ಲಿಗೆ ಇಳಿದಿದೆ. ಕೆರೆಯ ದಂಡೆಯಲ್ಲಿ ನೀರು ಇಳಿದ ಗುರುತಿನ ಹಾಗಿತ್ತು.

"ಇದು ಯಾವಾಗ ಶುರುವಾಗಿರುತ್ತೆ?" ಎಂದೆ. ನನಗೆ ಬೇಕಾಗಿದ್ದದ್ದು ಅದೊಂದೇ.

"ದಿನಾಂಕ ಹೇಳೋಕಾಗಲ್ಲ ಸಾರ್. ಆದ್ರೆ ಒಂದೆರಡು ತಿಂಗಳಲ್ಲಿ ಮೂಳೆ ಇಷ್ಟು ಇಳಿಯೋದಿಲ್ಲ. ವರ್ಷಗಳಿಂದ ನಡೀತಿರಬೇಕು. ಈಗ ಜೋರಾಗಿದೆ ಅಷ್ಟೆ."

ಸಕ್ಕರೆ ಕಾಯಿಲೆಯಿದೆಯೇ ಎಂದು ರಕ್ತ ಪರೀಕ್ಷೆಗೂ ಬರೆದುಕೊಟ್ಟರು. ಇರಲಿಲ್ಲ. ಅಲ್ಲಾಡುವ ಹಲ್ಲು ಉಳಿಯುವುದಿಲ್ಲ, ಉಳಿದವನ್ನು ಉಳಿಸೋಣ ಎಂದರು. ಬಾಯಿಯ ಒಂದೊಂದು ಭಾಗಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟು, ವಸಡಿನ ಒಳಗಿನ ಕೊಳೆ ಕೆರೆದು ತೆಗೆಯುವುದು. ಪ್ರತಿ ಬಾರಿ ಮನೆಗೆ ಬರುವಾಗ ಅರ್ಧ ಮುಖ ನನ್ನದಲ್ಲದ ಹಾಗಿರುತ್ತಿತ್ತು. ಕ್ಲೀನ್ ಆದ ಮೇಲೆ ವಸಡಿನ ಊತ ಇಳಿದು, ಹಲ್ಲುಗಳ ನಡುವೆ ಸಂದು ಕಾಣಿಸಿತು. ತಣ್ಣೀರು ಜುಮ್ಮೆನ್ನುತ್ತಿತ್ತು. ಗಟ್ಟಿಯಾಗಿದ್ದ ಹಲ್ಲನ್ನೂ ಈಯಮ್ಮನೇ ಸಡಿಲ ಮಾಡುತ್ತಿದ್ದಾರೆ ಎಂದು ಮತ್ತೆ ಅನುಮಾನ. ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಆ ಸಂದು ಮೊದಲೂ ಇತ್ತು ಸಾರ್, ಕೊಳೆ ತುಂಬಿತ್ತು. ಅದನ್ನೇ ಗಟ್ಟಿ ಗೋಡೆ ಅಂದ್ಕೊಂಡಿದ್ರಿ." ಹಲ್ಲು ಕೀಳುವ ದಿನ ಸಹಾಯಕಿ, ಯಾರೂ ಹೇಳದೆ, ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆ ಕೈಯನ್ನು ಮಾತ್ರ ನಾನು ಅನುಮಾನಿಸಲಿಲ್ಲ.

ಅಮ್ಮ ಒಪ್ಪಲಿಲ್ಲ. "ಆ ಡಾಕ್ಟರಮ್ಮನ್ನ ತೋರಿಸಿದ್ಯಾರು? ಅವ್ಳೇ ತಾನೆ?" ಹೊಸಕೋಟೆ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವರಿದ್ದಾರೆ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಾರೆ. ಬಕೆಟ್ಟಿಗೆ ಬಿದ್ದದ್ದನ್ನು ತೋರಿಸಿ, ಇದೇ ಮದ್ದು ಎನ್ನುತ್ತಾರೆ. ಅಲ್ಲಿಗೆ ಹೋದ ಯಾರೂ ಏನೂ ಬೀಳದೆ ವಾಪಸು ಬಂದದ್ದನ್ನು ನಾನು ಕೇಳಿಲ್ಲ. ಅಮ್ಮ ದೊಡ್ಡಮ್ಮನಿಗೆ ಹೇಳಿದಳು, ಸೋದರತ್ತೆಗೆ ಹೇಳಿದಳು. ಭಾನುವಾರ ಅಣ್ಣನ ಕಾರಿನಲ್ಲಿ ಹೋಗುವುದೆಂದಾಯಿತು. ಬಕೆಟ್ಟಿನಲ್ಲಿ ಏನಾದರೂ ಬಿದ್ದರೆ ಯಶೋದಮ್ಮ ಇನ್ನು ಯಾವ ಮದುವೆ ಮನೆಯಲ್ಲೂ ಬಡಿಸಲು ಸೌಟು ಹಿಡಿಯುವ ಹಾಗಿಲ್ಲ. ಅವರ ಮಗಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಮದ್ದು ಹಾಕುವ ಮನೆ ಎಂಬ ಹೆಸರು ತಾಯಿಯಿಂದ ಮಗಳಿಗೆ ಬರುತ್ತದೆ ಎನ್ನುತ್ತಾರೆ.

ಆ ಭಾನುವಾರ ಬೆಳಿಗ್ಗೆ ನಾವೆಲ್ಲ ಗೇಟಿನ ಬಳಿ ಇದ್ದೆವು. ಅಮ್ಮ ಕಾರಿನಲ್ಲಿ ಆಗಲೇ ಕೂತಿದ್ದಳು. ಅಣ್ಣ ಕಾರಿನ ಕೀ ಕೈಯಲ್ಲಿ ಹಿಡಿದು ನಿಂತಿದ್ದ. ವಿಷಯ ಹೇಗೋ ಕಿವಿಗೆ ಬಿದ್ದಿದ್ದ ಅತ್ತಿಗೆ ಮೆಟ್ಟಿಲಿಳಿದು ಬಂದರು. ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದರು.

"ನಡೀರಿ, ನಾನೂ ಬರ್ತೀನಿ," ಅಂದರು. "ಬಕೆಟ್ಟಿಗೆ ಏನ್ ಬೀಳ್ತದೋ ನನ್ ಕಣ್ಣಾರೆ ನೋಡ್ಬೇಕು."

 ಆಗ ನಾನು ಕೋರ್ಟಿನಲ್ಲಿ ಹೇಳುವ ಹಾಗೆ ಹೇಳಿದೆ. ಬಾಯಿಗೆ ಕೈ ಅಡ್ಡ ಇಡಲಿಲ್ಲ. "ಅಮ್ಮ, ಮುದ್ದೆ ಬಂದಿದ್ದು ಸಂಕ್ರಾಂತಿ ಮಾರನೇ ದಿನ. ರಕ್ತ ಬಂದಿದ್ದು ದೀಪಾವಳಿ ಆದ್ಮೇಲೆ, ಬುಧವಾರ, ಶಿವಾಜಿನಗರದಲ್ಲಿ, ಸೀಬೆಹಣ್ಣು ಕಚ್ಚಿದಾಗ. ರಕ್ತ ಮೊದಲು, ಮುದ್ದೆ ಆಮೇಲೆ. ನನಗೆ ಕಾಯಿಲೆ ಬಂತು ಅಂತ ಅತ್ತಿಗೆ ಮುದ್ದೆ ಕಳ್ಸಿದ್ರು. ಮುದ್ದೆಯಿಂದ ಕಾಯಿಲೆ ಬರ್ಲಿಲ್ಲ. ನಾನು ಬರಲ್ಲ."

"ಯಾರ್ ನೋಡಿದ್ರು ಅದನ್ನ?" ಅಂದಳು ಅಮ್ಮ.

"ಅಣ್ಣ ಪಕ್ಕದಲ್ಲೇ ಇದ್ದ. ಕೇಳು."

ಅಣ್ಣ ಕೀಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. "ಸೀಬೆಹಣ್ಣು ತಿಂದಿದ್ದು ನಿಜ," ಅಂದ. "ರಕ್ತ... ನೆನಪಾಗ್ತಿಲ್ಲ ಕಣೋ."

ಅತ್ತಿಗೆ ಅವನ ಮುಖವನ್ನು ನೋಡಿದರು. ಬಹಳ ಹೊತ್ತೇನಲ್ಲ. ತಿರುಗಿ ಮೆಟ್ಟಿಲು ಹತ್ತಿ ಹೋದರು. ಕಾರು ಹೋಗಲಿಲ್ಲ. ಡಬ್ಬಿಯೂ ಮತ್ತೆ ಬರಲಿಲ್ಲ.

ಅಣ್ಣನಿಗೆ ನಿಜವಾಗಿ ಮರೆತಿತ್ತೇ? ಅಮ್ಮನ ಮುಂದೆ ಹೆಂಡತಿಯ ಪರ ನಿಲ್ಲಲು ಹೆದರಿದನೇ? ಅಥವಾ ಅವನೂ ಒಳಗೊಳಗೆ ಅಮ್ಮನ ಮಾತು ನಂಬಿದ್ದನೇ? ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಗೆ ನನ್ನ ನೆನಪನ್ನೇ ಅನುಮಾನಿಸಿ, ಒಂದು ಸಂಜೆ ಶಿವಾಜಿನಗರಕ್ಕೆ ಹೋದೆ. ಗಾಡಿಯವನು ಅದೇ ಜಾಗದಲ್ಲಿದ್ದ. ಹೇಳಿಕೊಟ್ಟು ಕೇಳಬಾರದು ಎಂದು ಕೋರ್ಟಿನಲ್ಲಿ ಕಲಿತಿದ್ದೆ. "ನನ್ನ ನೆನಪಿದೆಯಾ?" ಎಂದಷ್ಟೇ ಕೇಳಿದೆ. ಅವನು ನನ್ನ ಮುಖ ನೋಡಿದ, ಬಾಯಿ ನೋಡಿದ.

"ಕೆಂಪು ಸೀಬೆ!" ಅಂದ. "ಡಬಲ್ ರೇಟ್ ಕೇಳ್ಬೇಡ ಅಂದ್ರಲ್ಲ ನಿಮ್ ಜೊತೆಯೋರು. ಹಲ್ಲು ಹೋಯ್ತಾ ಸಾರ್?"

ಜೋಕು ಅಣ್ಣನದು. ಅಣ್ಣ ಮಾಡಿದ ಜೋಕನ್ನು ಹಣ್ಣಿನವನು ನೆನಪಿಟ್ಟುಕೊಂಡಿದ್ದ. ಮನೆಗೆ ಬಂದು ಹೇಳಿದೆ. "ಗಿರಾಕಿ ಕೇಳಿದ್ರೆ ಹಣ್ಣು ಮಾರೋನು ಹೂಂ ಅನ್ನದೆ ಇನ್ನೇನಂತಾನೆ?" ಅಂದಳು ಅಮ್ಮ. ಅಣ್ಣ ಟಿವಿಯ ಸದ್ದು ಜಾಸ್ತಿ ಮಾಡಿದ.

ಕೇಸು ಇನ್ನೂ ನಡೆಯುತ್ತಿದೆ. ವಸಡಿನ ಕಾಯಿಲೆಯೂ ಪೂರ್ತಿ ಹೋಗುವಂಥದ್ದಲ್ಲ, ಹತೋಟಿಯಲ್ಲಿಡಬೇಕು ಎನ್ನುತ್ತಾರೆ ಡಾಕ್ಟರಮ್ಮ. ಸಿಗರೇಟು ಬಿಟ್ಟಿದ್ದೇನೆ. ಆಗಾಗ ಹೋಗಿ ಕ್ಲೀನ್ ಮಾಡಿಸುತ್ತೇನೆ. ಮೆತ್ತನೆಯ ಬ್ರಷ್ಷಿನಲ್ಲಿ, ರಕ್ತ ಬಂದರೂ ಬಿಡದೆ, ಎರಡು ಹೊತ್ತು ಉಜ್ಜುತ್ತೇನೆ. ಈಗ ಬರುವುದು ಅಪರೂಪ. ಬಂದರೆ, ಹಿಯರಿಂಗ್ ಹತ್ತಿರವಿದೆ ಎಂದು ಕ್ಯಾಲೆಂಡರ್ ನೋಡದೆಯೇ ಗೊತ್ತಾಗುತ್ತದೆ. ಹಲ್ಲು ಕಡಿಯದಂತೆ ಮಲಗುವಾಗ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಒಂದು ಕವಚ ಕೊಟ್ಟಿದ್ದಾರೆ. ಕುದುರೆಗೆ ಕಡಿವಾಣ ಹಾಕಿದ ಹಾಗಿದೆ ಎಂದು ಸುಜಾತ ನಗುತ್ತಾಳೆ. ನನ್ನ ರೂಮಿಗೆ ವಾಪಸು ಬಂದಿದ್ದಾಳೆ.

ಡಬ್ಬಿ ಬರದೆ ಇದ್ದಾಗ ನಾನೇ ಮೇಲೆ ಹೋದೆ. "ಮುದ್ದೆ ಇದ್ಯಾ ಅತ್ತಿಗೆ?" ಅಂದೆ. ಅವರು ತಟ್ಟೆ ಹಾಕಿದರು. ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟರು. ನಾನು ಕೈ ಇಡುವ ಮೊದಲೇ ಅದೇ ಮುದ್ದೆಯಿಂದ ಒಂದು ಚೂರು ಮುರಿದು, ನನ್ನ ಕಣ್ಣೆದುರಿಗೆ ಬಾಯಿಗೆ ಹಾಕಿಕೊಂಡು ನುಂಗಿದರು. ಆಮೇಲೆ, "ಈಗ ತಿನ್ನು," ಅಂದರು.

ಬೇಡ ಅತ್ತಿಗೆ, ಹೀಗೆ ಮಾಡಬೇಡಿ ಎಂದೆ. ಅವರು ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಅಂದಿನಿಂದ ಮೇಲೆ ಉಣ್ಣುವಾಗಲೆಲ್ಲ ಹೀಗೇ ನಡೆಯುತ್ತದೆ. ಮೊದಲ ತುತ್ತು ಅವರದು. ಅಣ್ಣ ಪಕ್ಕದಲ್ಲೇ ಕೂತಿರುತ್ತಾನೆ, ತಲೆ ಎತ್ತುವುದಿಲ್ಲ. ಹಲ್ಲು ಕಿತ್ತ ನೋವು ಈಗ ನೆನಪಿಲ್ಲ. ಆ ಮೊದಲ ತುತ್ತು ನನ್ನ ಗಂಟಲಿನಿಂದ ಇನ್ನೂ ಇಳಿದಿಲ್ಲ. ಇದನ್ನು ಬರೆಯುತ್ತಿರುವುದು ಅವರು ಹಾಗೆ ಮೊದಲು ತಿಂದು ತೋರಿಸುವುದು ನಿಲ್ಲಲಿ ಎಂದು.

ಆ ಬುಧವಾರ ಶಿವಾಜಿನಗರದಲ್ಲಿ ನನ್ನ ಬಾಯಿಂದ ರಕ್ತ ಬಂದದ್ದನ್ನು, ಅಂದರೆ ಮುದ್ದೆಗಿಂತ ಮೊದಲು ಬಂದದ್ದನ್ನು, ನನ್ನನ್ನು ಬಿಟ್ಟು ಮೂವರು ನೋಡಿದ್ದಾರೆ. ಸೀಬೆಹಣ್ಣಿನ ಗಾಡಿಯ ರಶೀದ್, ಬದುಕಿದ್ದಾನೆ, ಅದೇ ಜಾಗದಲ್ಲಿ ಸಿಗುತ್ತಾನೆ. ನೀರು ಕೊಟ್ಟ ಕವಿತಾ, ಈಗ ಸ್ವಂತವಾಗಿ ವಕೀಲಿ ಮಾಡುತ್ತಿದ್ದಾಳೆ, ಕೇಳಿದರೆ ಹೇಳುತ್ತೇನೆ ಅಂದಿದ್ದಾಳೆ. ಮೂರನೆಯವನು ನನ್ನ ಅಣ್ಣ ಮುನಿರಾಜು. ಇದೇ ಮನೆಯ ಮೇಲ್ಮಹಡಿಯಲ್ಲಿ, ಯಶೋದಮ್ಮನ ಕೈ ಅಡುಗೆ ಉಂಡುಕೊಂಡು, ಅವನೂ ಬದುಕಿದ್ದಾನೆ.